ಕೆಂಪು ಚುಕ್ಕೆಯಿಲ್ಲದ ಚಿತ್ರ

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವಳು ಬಿಳಿ ಗೋಡೆಗೆ ಎದುರಾಗಿ ನಿಂತಳು. ಕ್ಯಾಮೆರಾ ಕಣ್ಣಿಗೇರಿಸಿದಳು.

ವ್ಯೂಫೈಂಡರಿನ ತಳದಲ್ಲಿ ಹಸಿರು ಅಂಕಿಗಳು ಸಾಲಾಗಿ, ಅಚ್ಚು ಹಾಕಿದ ಹಾಗೆ ಕಂಡವು. ಯಾವ ಕ್ಯಾಮೆರಾ ಬಂದರೂ ಕಣ್ಣಿಡುವ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ಒಂದು ಕೊನೆಯವರೆಗೂ ತಿರುಗಿಸಿ ತನ್ನ ದೃಷ್ಟಿಗೆ ಹೊಂದಿಸಿಕೊಳ್ಳೋದು ಅವಳ ಮೊದಲ ಕೆಲಸ. ಅವಳ ಕಣ್ಣಿನ ನಂಬರು ಅಂಥದ್ದು. ಕನ್ನಡಕ ತೆಗೆದರೆ ಎದುರಿಗೆ ಬಸ್ಸು ನಿಂತರೂ ಗೋಡೆ ಅಂದುಕೊಳ್ಳುವಷ್ಟು ಮಂಜು. ಇವತ್ತು ಬೆಳಗಿನಿಂದ ಚಕ್ರ ಮುಟ್ಟಬೇಕಾಗಲಿಲ್ಲ. ಒಂದು ಕೆಲಸ ಕಮ್ಮಿಯಾಯಿತು ಅಂದುಕೊಂಡು ಗುಂಡಿ ಒತ್ತಿದಳು.

ಇದು ಧೂಳಿನ ಪರೀಕ್ಷೆ. ಲೆನ್ಸಿನ ಒಳಗಿಂಡಿಯನ್ನು ಆದಷ್ಟು ಚಿಕ್ಕದು ಮಾಡಿ ಬರೀ ಗೋಡೆಯ ಚಿತ್ರ ತೆಗೆದರೆ, ಒಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಕೂತ ಕಸವೆಲ್ಲ ಬೂದು ನೆರಳಾಗಿ ಕಾಣಿಸಿಕೊಳ್ಳುತ್ತೆ. ಪತ್ರಿಕೆಗೆ ಕ್ಯಾಮೆರಾಗಳ ವಿಮರ್ಶೆ ಬರೆಯುವವರಲ್ಲಿ ಇಷ್ಟು ಹಟದಿಂದ ಗೋಡೆಯ ಚಿತ್ರ ತೆಗೆಯೋರು ಬೇರೆ ಯಾರೂ ಇರಲಿಲ್ಲ. ಆಫೀಸಿನಲ್ಲಿ ಅವಳಿಗೆ ‘ತಕ್ಕಡಿ’ ಅಂತ ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಗಂಡ ಸತ್ತ ಮೇಲೆ ಮಾತ್ರ ಯಾರೂ ಹಾಗೆ ಕರೆದಿಲ್ಲ. ಎಲ್ಲರೂ ಮೆತ್ತಗೆ ‘ಮೇಡಂ’ ಅನ್ನುತ್ತಾರೆ, ಕಾಫಿ ಲೋಟ ಇಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಹೊರಟುಹೋಗುತ್ತಾರೆ.

ಸಂಪಾದಕರೇ ಈ ಕೆಲಸ ಕೊಟ್ಟು ಕೂರಿಸಿದ್ದರು. ಮನೇಲಿ ಗೋಡೆ ನೋಡ್ತಾ ಕೂರೋ ಬದಲು ಇಲ್ಲಿ ಬಂದು ನೋಡಮ್ಮಾ ಅಂದಿದ್ದರು. ಕ್ಯಾಮೆರಾ ಮಾರುವ ಏಜೆನ್ಸಿಯವರು ಪರೀಕ್ಷೆಗೆಂದು ಕಳಿಸಿದ ಈ ಕ್ಯಾಮೆರಾ ಬಹಳ ದಿನದಿಂದ ಆಫೀಸಿನ ಬೀರುವಿನಲ್ಲಿ ಕೂತಿತ್ತು. ಹವ್ಯಾಸ ಅನ್ನೋ ಘಟ್ಟ ದಾಟಿದ, ಆದರೆ ಅದರಿಂದಲೇ ಹೊಟ್ಟೆ ಹೊರೆಯುವ ಧೈರ್ಯ ಇನ್ನೂ ಬಾರದ ಜನರಿಗಾಗಿ ಮಾಡಿದ ಮಾದರಿ ಅದು. ಅಂಥವರು ಓದಿ, ತಿಂಗಳುಗಟ್ಟಲೆ ಯೋಚಿಸಿ, ಮನೆಯಲ್ಲಿ ಬೈಸಿಕೊಂಡು ಕೊಳ್ಳುತ್ತಾರೆ. ಅವರಿಗೆ ಸುಳ್ಳು ಹೇಳಬಾರದು ಅನ್ನೋದು ಅವಳ ಹಟ.

ಬೆಳಗಿನಿಂದ ಹಾಗೇ ಯಂತ್ರದ ಥರ ಕೆಲಸ ಮಾಡಿದ್ದಳು. ಹಿಡಿ ಅಂಗೈ ತುಂಬಾ ಕೂರುತ್ತೆ, ಸಣ್ಣ ಕೈಯವರಿಗೆ ಕಿರುಬೆರಳು ಜಾರುತ್ತೆ. ಮಬ್ಬು ಬೆಳಕಿನಲ್ಲಿ ನಡುವಿನ ಫೋಕಸ್ ಗಟ್ಟಿ, ಅಂಚಿನವು ತಡಕಾಡುತ್ತವೆ. ಒಂದೇ ಸಮನೆ ಗುಂಡಿ ಒತ್ತಿದರೆ ಚೂರು ಹೊತ್ತು ಜೋರಾಗಿ ಓಡಿ ಆಮೇಲೆ ಏದುಸಿರು ಬಿಡುತ್ತೆ. ಎಲ್ಲವನ್ನೂ ಟೈಪ್ ಮಾಡಿದ್ದಳು. ಒಂದು ಸಾಲಿನಲ್ಲೂ ಅವಳಿರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತಲ್ಲ, ಹಾಗೆ ಅವಳಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಕನ್ನಡಕ ಹಾಕಿಕೊಂಡು ಗೋಡೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಳು.

ಬಿಳುಪಿನ ಮೇಲ್ಭಾಗದಲ್ಲಿ, ಬಲಗಡೆ, ಒಂದು ಎಳೆ ಬಿದ್ದಿತ್ತು. ಬಟ್ಟೆಯ ನೂಲೋ, ರೆಪ್ಪೆಗೂದಲೋ. ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿತ್ತು. ಅದರ ಪಕ್ಕದಲ್ಲಿ ಒತ್ತಿಕೊಂಡ ಹಾಗೆ ಎರಡು ಸಣ್ಣ ಚುಕ್ಕಿ.

ಈ ಕೊಕ್ಕೆಯನ್ನು ಅವಳು ಮೊದಲೇ ನೋಡಿದ್ದಳು.

ಎಲ್ಲಿ ಅಂತ ನೆನಪಾಗೋಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳ ಕಂಪ್ಯೂಟರಿನಲ್ಲೇ ಇನ್ಸ್‌ಪೆಕ್ಟರು ಕಳಿಸಿದ ಚಿತ್ರವೊಂದಿತ್ತು. ತೆರೆಯಬಾರದು ಅಂತ ಮೂಲೆಗೆ ಸರಿಸಿಟ್ಟಿದ್ದಳು. ಈಗ ತೆರೆದಳು.

ಚಿತ್ರದಲ್ಲಿ ಅವಳ ತಮ್ಮ ಇದ್ದ. ಅರ್ಧಕ್ಕೇ ನಿಂತ ಕಟ್ಟಡದ ತಾರಸಿ, ಹಿಂದೆ ಕಣ್ಣು ಕುಕ್ಕುವ ಮಧ್ಯಾಹ್ನದ ಆಕಾಶ. ತಮ್ಮನ ಮುಖ ಗಂಟು ಹಾಕಿಕೊಂಡು ಕೆಂಪಾಗಿತ್ತು. ಬಲಗೈ ನೇರ ಕ್ಯಾಮೆರಾದ ಕಡೆ ಚಾಚಿತ್ತು.

ಅದೇ ತಾರಸಿಯಿಂದ ಅವಳ ಗಂಡ ಕೆಳಗೆ ಬಿದ್ದು ಸತ್ತಿದ್ದ. ಕ್ಯಾಮೆರಾ ಅವನ ಜೊತೆಗೇ ಬಿದ್ದು ನುಚ್ಚುನೂರಾಗಿತ್ತು. ಚಿತ್ರ ತುಂಬಿಕೊಳ್ಳುವ ಮೆಮೊರಿ ಕಾರ್ಡು ಮಾತ್ರ ತಾರಸಿಯ ನೆಲದ ಮೇಲೆ ಸಿಕ್ಕಿತು. ಗಂಡ ತನ್ನ ಕಾರ್ಡುಗಳಿಗೆಲ್ಲ ಹೆಂಡತಿಯ ಉಗುರುಬಣ್ಣದಿಂದ ಗುರುತು ಹಾಕುತ್ತಿದ್ದ. ಇದಕ್ಕೂ ಇತ್ತು, ಎಳೆದಾಟದಲ್ಲಿ ಅವನ ಕ್ಯಾಮೆರಾದಿಂದ ಹಾರಿಬಿದ್ದಿರಬೇಕು ಅಂತ ಪೊಲೀಸರು ಅಂದುಕೊಂಡರು. ಕಾರ್ಡಿನಲ್ಲಿ ಇದ್ದದ್ದು ಒಂದೇ ಚಿತ್ರ. ಕ್ಯಾಮೆರಾ ಹಿಡಿದವನನ್ನ ತಳ್ಳೋಕೆ ಕೈ ಚಾಚಿದ್ದಾನೆ, ಇನ್ನೇನು ಬೇಕು ಅಂದರು ಪೊಲೀಸರು. ತಮ್ಮನಿಗೂ ಭಾವನಿಗೂ ಹಿಂದಿನ ದಿನ ಮನೆಯಲ್ಲಿ ಜೋರು ಜಗಳ ಆಗಿದ್ದನ್ನು ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡಿದ್ದರು. ಒಳಗೆ ಹಾಕಿದ ಮೇಲೆ ತಮ್ಮ ಬಾಯಿಗೆ ಬೀಗ ಹಾಕಿಕೊಂಡ. ಎಷ್ಟು ಕೇಳಿದರೂ ‘ಗೊತ್ತಿಲ್ಲ’ ಅನ್ನೋದು ಬಿಟ್ಟರೆ ಇನ್ನೊಂದು ಮಾತಿಲ್ಲ.

ಇನ್ಸ್‌ಪೆಕ್ಟರು ಮನೆಗೆ ಬಂದು ಈ ಚಿತ್ರ ತೋರಿಸಿ, ಇದು ನಿಮ್ಮ ಯಜಮಾನರು ತೆಗೆದದ್ದೇನಾ ಅಂತ ಕೇಳಿದ್ದರು. ಅವಳು ನೋಡಿದ್ದಳು. ನೋಡಿದ್ದಳು ಅಂದರೆ ಕಣ್ಣು ಅದರ ಮೇಲೆ ಇಟ್ಟಿದ್ದಳು. ‘ಹೌದು’ ಅಂದುಬಿಟ್ಟಿದ್ದಳು. ಗಂಡನ ಚಿತ್ರಗಳನ್ನೆಲ್ಲ ತಿದ್ದಿ ತೀಡಿ ಪತ್ರಿಕೆಗೆ ಕೊಡುತ್ತಿದ್ದವಳೇ ಹೌದು ಅಂದ ಮೇಲೆ ಮುಗಿಯಿತಲ್ಲ. ಸ್ವಂತ ತಮ್ಮನ ಮೇಲೆ ಅಕ್ಕನ ಸಾಕ್ಷಿ.

ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಳು. ತಮ್ಮನ ತಲೆಯ ಮೇಲಿನ ಆಕಾಶವನ್ನು ದೊಡ್ಡದು ಮಾಡಿದಳು, ಬೆಳಕು ತಗ್ಗಿಸಿದಳು. ಮೇಲ್ಭಾಗ, ಬಲಗಡೆ. ಕೊಕ್ಕೆ ಬಾಗಿದ ಎಳೆ. ಪಕ್ಕದಲ್ಲಿ ಎರಡು ಚುಕ್ಕಿ.

ಆಮೇಲೆ ಅವಳ ಕೈ ತಾನಾಗಿ ಚಿತ್ರದ ಎಡಗಡೆಗೆ ಹೋಯಿತು.

ಗಂಡನ ಕ್ಯಾಮೆರಾ ಇದೇ ಮಾದರಿಯದು. ಆದರೆ ಅದರ ಸೆನ್ಸರಿನಲ್ಲಿ ಒಂದು ಕಣ ಕೆಟ್ಟಿತ್ತು. ಏನೇ ತೆಗೆಯಲಿ, ಮದುವೆಮನೆಯಿರಲಿ, ಹಕ್ಕಿಯಿರಲಿ, ಮಗಳ ಮುಖವಿರಲಿ, ಎಡಮೂಲೆಯ ಹತ್ತಿರ ಸಾಸಿವೆಯಷ್ಟು ಕೆಂಪು ಚುಕ್ಕೆ ಬೀಳುತ್ತಿತ್ತು. ರಿಪೇರಿಗೆ ಕೊಡಿ ಅಂತ ಅವಳು ಬಡ್ಕೊಂಡಿದ್ದೇ ಬಂತು. ‘ಅಳಿಸೋಕೆ ನೀನಿದ್ದೀಯಲ್ಲ’ ಅಂತ ನಗುತ್ತಿದ್ದ. ಬೈಕೊಂಡೇ ಅಳಿಸುತ್ತಿದ್ದಳು. ಎಷ್ಟು ಸಾವಿರ ಸಲ ಅಳಿಸಿದಳೋ.

ಎಡಮೂಲೆಯನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು. ಆಕಾಶ ಚೌಕ ಚೌಕವಾಗಿ ಒಡೆದು ನೀಲಿ ಕಲ್ಲುಗಳ ಹಾಗೆ ಕಂಡಿತು. ಎಲ್ಲವೂ ನೀಲಿ.

ಕೆಂಪು ಇರಲಿಲ್ಲ.

ಚಿತ್ರ ಗಂಡ ತೆಗೆದದ್ದಲ್ಲ. ಈ ಮೇಜಿನ ಮೇಲೆ ತಣ್ಣಗೆ ಕೂತಿರುವ ಕ್ಯಾಮೆರಾ ತೆಗೆದದ್ದು. ಅಂದರೆ ತಾರಸಿಯ ಮೇಲೆ ಮೂರನೆಯವರೊಬ್ಬರು ಇದ್ದರು.

ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರೇನೋ. ಅವಳು ಕುರ್ಚಿಗೆ ಒರಗಿ, ಆರಿದ ಕಾಫಿಯನ್ನು ಪೂರ್ತಿ ಕುಡಿದಳು. ರುಚಿ ಏನೂ ತಿಳಿಯಲಿಲ್ಲ. ತಮ್ಮ ಹೊರಗೆ ಬರಬಹುದು ಅನ್ನೋ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಫೋನು ಎತ್ತಿಕೊಂಡಳು.

ಇನ್ಸ್‌ಪೆಕ್ಟರು ಮೊದಲು ನಂಬಲೇ ಇಲ್ಲ. ಚಿತ್ರದ ಒಳವಿವರ ತೆಗೆಸಿ ನೋಡಿದ್ದೇವೆ, ಅದೇ ಮಾದರಿ ಅಂತ ಬಂದಿದೆ ಅಂದರು. ಮಾದರಿ ಅದೇ, ಕ್ಯಾಮೆರಾ ಬೇರೆ ಅಂತ ಅವಳು ಹೇಳಿದಳು. ಈ ಮಾದರಿ ತನ್ನ ಸೀರಿಯಲ್ ಸಂಖ್ಯೆಯನ್ನು ಚಿತ್ರದೊಳಗೆ ಬರೆಯೋದಿಲ್ಲ, ಆದ್ದರಿಂದ ಧೂಳನ್ನೂ ಚುಕ್ಕೆಯನ್ನೂ ನೋಡಿಯೇ ಹೇಳಬೇಕು ಅಂತ ವಿವರಿಸಿದಳು.

ಇವತ್ತು ಸಂಜೆಯೊಳಗೆ ಚಾರ್ಜ್‌ಶೀಟ್ ಹೋಗಬೇಕು ಅಂದರು ಇನ್ಸ್‌ಪೆಕ್ಟರು. ಹಾಗೆ ನೋಡಿದರೆ ಮನುಷ್ಯ ಕೆಟ್ಟವರಲ್ಲ. ನಿದ್ದೆಗೆಟ್ಟ ದನಿ ಅಷ್ಟೇ.

“ನೋಡಿ ಮೇಡಂ, ಅವತ್ತು ಹೌದು ಅಂದ್ರಿ, ಇವತ್ತು ಅಲ್ಲ ಅಂತೀರ. ತಮ್ಮನ್ನ ಉಳಿಸೋಕೆ ಅಕ್ಕ ಕಥೆ ಕಟ್ಟಿದಳು ಅಂತ ಕೋರ್ಟಲ್ಲಿ ಮೊದಲನೇ ದಿನಾನೇ ಅಂತಾರೆ. ಆ ಕ್ಯಾಮೆರಾ ಅವತ್ತು ಯಾರ ಕೈಲಿತ್ತು ಅಂತ ಹೇಳಿ. ಆ ಒಂದು ಹೆಸರು ಕೊಡಿ, ಚಾರ್ಜ್‌ಶೀಟ್ ನಾನು ತಡೀತೀನಿ.”

ಅಲ್ಲಿಗೇ ಬಂದು ಕ್ಯಾಮೆರಾ ವಶಕ್ಕೆ ತಗೊಳ್ತೀನಿ, ಯಾರಿಗೂ ಮುಟ್ಟೋಕೆ ಕೊಡಬೇಡಿ ಅಂದು ಫೋನಿಟ್ಟರು.

ಇಟ್ಟ ತಕ್ಷಣ ಮತ್ತೆ ಹೊಡೆದುಕೊಂಡಿತು. ಮಗಳು. ಕಾಲೇಜಿನಿಂದ ಬೇಗ ಬಂದೆ, ಊಟ ಮಾಡಿದೆಯಾ ಅಂತ ಕೇಳಿದಳು. ಅಪ್ಪ ಹೋದಮೇಲೆ ಆ ಮನೆಯಲ್ಲಿ ತಾಯಿ ಮಗಳು ಬೇರೆ ಏನನ್ನೂ ಮಾತಾಡುತ್ತಿರಲಿಲ್ಲ. ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದೆಯಾ, ಬಾಗಿಲು ಹಾಕಿಕೋ. ಅಷ್ಟರಲ್ಲೇ ದಿನ ಸಾಗುತ್ತಿತ್ತು.

ನಿನ್ನ ಹಳೇ ಕನ್ನಡಕದ ಸ್ಕ್ರೂ ಮತ್ತೆ ಸಡಿಲ ಆಯ್ತಮ್ಮ, ಮೂಗಿನ ಮೇಲೆ ನಿಲ್ಲೋದೇ ಇಲ್ಲ ಅಂತ ಮಗಳು ದೂರಿದಳು. ಮಗಳ ಸ್ವಂತ ಕನ್ನಡಕ ಆ ಕೆಟ್ಟ ವಾರದಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದು ಒಡೆದಿತ್ತಂತೆ. ಹೊಸದು ಮಾಡಿಸೋಕೆ ಇಬ್ಬರಿಗೂ ಮನಸ್ಸಾಗಲಿಲ್ಲ. ತಾಯಿಯ ಹಳೆಯದನ್ನೇ ಹಾಕಿಕೊಂಡಳು. ಎರಡು ಕಣ್ಣಿಗೂ ಅದೇ ನಂಬರು. ಮೂಗು ಅಪ್ಪಂದು, ಕಣ್ಣು ಅಮ್ಮಂದು ಅಂತ ಕನ್ನಡಕದಂಗಡಿಯವನು ಹಿಂದೊಮ್ಮೆ ತಮಾಷೆ ಮಾಡಿದ್ದ.

ಬರ್ತಾ ದಾರಿಯಲ್ಲಿ ಸರಿಮಾಡಿಸೋಣ ಅಂದಳು ತಾಯಿ.

ಫೋನು ಇಡೋಕೆ ಹೋದಾಗ ಮಗಳು ತಡೆದಳು.

“ಅಮ್ಮಾ, ಮಾವ ಏನಾದ್ರೂ ಹೇಳಿದ್ನಂತಾ?”

“ಇಲ್ಲ ಪುಟ್ಟಿ. ಏನೂ ಹೇಳಿಲ್ಲ.”

ಹೂಂ ಅಂತ ಸಣ್ಣಗೆ ಅಂದು ಮಗಳು ಫೋನು ಇಟ್ಟಳು.

ಈಗ ಯೋಚಿಸಬೇಕಿತ್ತು. ಪರೀಕ್ಷೆಗೆ ಬಂದ ಕ್ಯಾಮೆರಾ ಕೈ ಬದಲಾದಾಗಲೆಲ್ಲ ಏಜೆನ್ಸಿಗೆ ಹೋಗಿ ಸೆನ್ಸರ್ ತೊಳೆಸಿಕೊಂಡು ಬರಬೇಕು. ಪತ್ರಿಕೆಯ ಕಟ್ಟುನಿಟ್ಟು ಅದು. ಸಂಪಾದಕರೇ ಮಾಡಿದ್ದು, ಬೇರೆಯವರ ಧೂಳಿಗೆ ನಮ್ಮ ವಿಮರ್ಶೆ ಹೊಣೆಯಾಗಬಾರದು ಅಂತ. ಎಲ್ಲರಿಗೂ ತಿಳಿಸಿ ಕೊಟ್ಟಿದ್ದರೆ ಈ ಎಳೆ ಯಾವತ್ತೋ ಒರೆಸಿಹೋಗಿರುತ್ತಿತ್ತು. ಹೋಗಿಲ್ಲ. ಅಂದರೆ ಯಾರೋ ಗುಟ್ಟಾಗಿ ತೆಗೆದುಕೊಂಡು ಹೋಗಿದ್ದಾರೆ, ಗುಟ್ಟಾಗಿ ತಂದಿಟ್ಟಿದ್ದಾರೆ.

ಬೀರುವಿನ ಬೀಗದಕೈ ಒಂದೇ. ಅದು ಸಂಪಾದಕರ ಸೊಂಟದಲ್ಲಿ ನೇತಾಡುತ್ತಿರುತ್ತೆ.

ಏಜೆನ್ಸಿಯ ಪ್ರತಿನಿಧಿಯ ಮೇಲೂ ಒಂದು ಕ್ಷಣ ಅನುಮಾನ ಹೋಯಿತು. ಆದರೆ ಅವನು ಆ ತಿಂಗಳೆಲ್ಲ ವಿದೇಶದಲ್ಲಿದ್ದ, ದಿನಕ್ಕೆ ಹತ್ತು ಸಲ ತನ್ನದೇ ಮುಖದ ಫೋಟೋ ಹಾಕುತ್ತಿದ್ದ. ಉಳಿದವರು ಸಂಪಾದಕರು. ಅವರಿಗೂ ಗಂಡನಿಗೂ ವರ್ಷದ ಹಿಂದೆ ಮುಖಪುಟದ ಚಿತ್ರದ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಅಂತ್ಯಕ್ರಿಯೆಯ ದಿನ ಅವರು ಎಲ್ಲರಿಗಿಂತ ಹೆಚ್ಚು ಅತ್ತರು. ಅವತ್ತು ಅದು ಅವಳಿಗೆ ವಿಚಿತ್ರ ಅನಿಸಿರಲಿಲ್ಲ. ಅವತ್ತು ಯಾವುದೂ ಏನೂ ಅನಿಸಿರಲಿಲ್ಲ ಬಿಡಿ.

ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಸಂಪಾದಕರ ಕೋಣೆಗೆ ನಡೆದಳು.

ಕೋಣೆಯಲ್ಲಿ ಹಳೆಯ ಸಂಚಿಕೆಗಳು ಸೂರು ಮುಟ್ಟುತ್ತಿದ್ದವು. ಅವುಗಳ ಮಧ್ಯೆ ಸಂಪಾದಕರು ಪ್ರೂಫಿನ ಮೇಲೆ ಕೆಂಪು ಪೆನ್ನು ಹಿಡಿದು ಬಾಗಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ್ದು ಹದ್ದಿನ ಹಾಗೆ ಕಾಣುತ್ತೆ, ಓದೋಕೆ ಮಾತ್ರ ಕನ್ನಡಕ ಬೇಕು ಅಂತ ಹೇಳಿಕೊಂಡು ತಿರುಗುವ ಮನುಷ್ಯ. ಅವಳನ್ನು ನೋಡಿ ಅಕ್ಕರೆಯಿಂದ ನಕ್ಕರು. ಕೊರಳಲ್ಲಿ ತೂಗುತ್ತಿದ್ದದ್ದನ್ನು ನೋಡಿ ನಗು ಸ್ವಲ್ಪ ಬಾಡಿತು.

“ಮುಗೀತೇನಮ್ಮಾ ಪರೀಕ್ಷೆ?”

“ಮುಗೀತು ಸರ್. ಒಂದು ಕೇಳಬೇಕಿತ್ತು. ಅವರು ತೀರಿಹೋದ ದಿನ ಈ ಕ್ಯಾಮೆರಾ ಎಲ್ಲಿತ್ತು?”

ಎಲ್ಲಿರುತ್ತೆ, ಬೀರುವಿನಲ್ಲಿತ್ತು ಅಂದರು. ಅಂದದ್ದು ಬೇಗ ಆಯಿತು. ಕೇಳಿದ ಪ್ರಶ್ನೆಗೆ ಕೊಡುವ ಉತ್ತರ ಅಲ್ಲ, ಬಾಯಲ್ಲಿ ಮೊದಲೇ ಹಿಡಿದುಕೊಂಡಿದ್ದ ಉತ್ತರ.

ಅವಳು ಫೋನು ಮೇಜಿನ ಮೇಲಿಟ್ಟು, ಅಚ್ಚು ಹಾಕಿ ತಂದ ಎರಡು ಚಿತ್ರಗಳ ಪ್ರತಿಗಳನ್ನು ಪ್ರೂಫಿನ ಮೇಲೇ ಇಟ್ಟಳು. ಗೋಡೆಯ ಎಳೆ, ಆಕಾಶದ ಎಳೆ. ದನಿ ಏರಿಸದೆ, ತಂಗಿಗೆ ಪಾಠ ಹೇಳಿಕೊಡುವ ಅಕ್ಕನ ಹಾಗೆ ಒಂದೊಂದಾಗಿ ಹೇಳಿದಳು. ಸಂಪಾದಕರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದರು, ಒರೆಸಿದರು, ಮತ್ತೆ ನೋಡಿದರು.

“ಪೊಲೀಸರ ಹತ್ರ ಇದ್ದದ್ದು ಈ ಚಿತ್ರಾನಾ? ನಾನು ನೋಡೇ ಇರ್ಲಿಲ್ಲ ಕಣಮ್ಮ.”

“ಬೀರುವಿನ ಕೀ ನಿಮ್ಮ ಹತ್ರಾನೇ ಇರೋದು ಸರ್.”

“ಹೌದು.”

“ನೀವು ತಾರಸಿ ಮೇಲೆ ಇದ್ರಾ?”

ಅವರು ಕೈ ಚಾಚಿ, ಕೊಡು ಇಲ್ಲಿ, ನಾನೂ ಒಂದು ಸಲ ನೋಡ್ತೀನಿ ಅಂದರು.

ಯಾರಿಗೂ ಕೊಡಬೇಡಿ ಅಂದಿದ್ದರು ಇನ್ಸ್‌ಪೆಕ್ಟರು. ಆದರೆ ಇಷ್ಟು ವರ್ಷ ಕೆಲಸ ಕಲಿಸಿದ ಮನುಷ್ಯ. ಕೈ ಚಾಚಿದರೆ ಕ್ಯಾಮೆರಾ ಕೊಡೋದು ಅವಳ ಕೈಗೆ ಅಂಟಿದ ರೂಢಿ. ಕೊಟ್ಟುಬಿಟ್ಟಳು.

ಸಂಪಾದಕರು ಅದನ್ನು ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ಗರಗರ ತಿರುಗಿಸಿದರು. ಒಮ್ಮೆ ಆ ಕಡೆ ಪೂರ್ತಿ, ಒಮ್ಮೆ ಈ ಕಡೆ ಪೂರ್ತಿ. ಆಮೇಲೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು.

ಅವಳು ಅವರ ಹೆಬ್ಬೆರಳನ್ನೇ ನೋಡುತ್ತಿದ್ದಳು.

“ಯಾಕೆ ತಿರುಗಿಸಿದ್ರಿ ಸರ್?”

“ನನ್ನ ಕಣ್ಣಿಗೆ ಹೊಂದಿಸ್ಕೊಂಡೆ ಕಣಮ್ಮ.”

“ನೀವು ಕಣ್ಣಿಗೆ ಇಟ್ಟೇ ಇಲ್ವಲ್ಲ.”

ನೋಡದೆ ಯಾರೂ ಆ ಚಕ್ರ ತಿರುಗಿಸೋದಿಲ್ಲ. ಕಣ್ಣಿಟ್ಟು, ಮಂಜು ಕಂಡು, ಆಮೇಲೆ ತಿರುಗಿಸುತ್ತಾರೆ. ಕಣ್ಣಿಡದೆ ತಿರುಗಿಸಿದರೆ ಅದು ಹೊಂದಿಸೋದಲ್ಲ, ಅಳಿಸೋದು. ಅಳಿಸುವಂಥದ್ದು ಆ ಚಕ್ರದ ಮೇಲೆ ಏನಿತ್ತು?

ಆಗ ಗೋಡೆಯ ಮುಂದೆ ನಿಂತದ್ದು ನೆನಪಾಯಿತು. ಕನ್ನಡಕ ಮೇಜಿನ ಮೇಲೆ. ಹಸಿರು ಅಂಕಿಗಳು ಅಚ್ಚು ಹಾಕಿದ ಹಾಗೆ.

ಅವಳು ಕ್ಯಾಮೆರಾ ಎತ್ತಿಕೊಂಡು ಕನ್ನಡಕ ಸರಿಸಿ ಕಣ್ಣಿಟ್ಟಳು. ಎಲ್ಲ ಕಲಸಿಹೋಗಿತ್ತು. ಚಕ್ರ ತಿರುಗಿಸಿದಳು. ತಿರುಗಿಸುತ್ತಲೇ ಹೋದಳು. ಒಂದು ಕೊನೆ ಮುಟ್ಟಿ, ಇನ್ನು ತಿರುಗೋದಿಲ್ಲ ಅಂತ ಅದು ನಿಂತಾಗ ಅಂಕಿಗಳು ಸ್ಪಷ್ಟವಾದವು. ಅವಳ ನಂಬರಿಗೆ ಅಷ್ಟು ದೂರ ಬರಬೇಕು. ತನಗಿಂತ ಮೊದಲೇ ಯಾರೋ ಇಲ್ಲಿಗೆ ತಿರುಗಿಸಿಟ್ಟಿದ್ದರು. ಸಂಪಾದಕರಲ್ಲ, ಅವರ ಕಣ್ಣಿಗೆ ಬೇಕಾದದ್ದು ತದ್ವಿರುದ್ಧ. ಗಂಡನೂ ಅಲ್ಲ, ಅವನ ಕಣ್ಣು ಕೊನೆಯವರೆಗೂ ಗಟ್ಟಿಯಾಗಿತ್ತು. ತಮ್ಮನಿಗೂ ಕನ್ನಡಕವಿಲ್ಲ.

ಎರಡು ಕಣ್ಣಿಗೂ ಅದೇ ನಂಬರು.

ಒಡೆದ ಕನ್ನಡಕ. ಕಾಲೇಜಿನ ಮೆಟ್ಟಿಲು ಅಂದಿದ್ದಳು. ಆ ವಾರ ಅಂತ ತಾಯಿಗೆ ನೆನಪಿತ್ತು, ಯಾವ ದಿನ ಅಂತ ಅವಳು ಕೇಳಲೇ ಇಲ್ಲ. ಅಪ್ಪನ ಡ್ರಾಯರಿನಿಂದ ಗುರುತು ಹಾಕಿದ ಕಾರ್ಡು ತೆಗೆದುಕೊಳ್ಳೋಕೆ ಆ ಮನೆಯಲ್ಲಿ ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

“ಪುಟ್ಟಿ,” ಅಂದಳು. ಕೇಳಿದ್ದೂ ಅಲ್ಲ, ಹೇಳಿದ್ದೂ ಅಲ್ಲ.

ಸಂಪಾದಕರು ಕೆಂಪು ಪೆನ್ನನ್ನು ಮುಚ್ಚಿ ಪಕ್ಕಕ್ಕಿಟ್ಟರು. ಇನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ ಅಂತ ಅವರಿಗೂ ಅನಿಸಿರಬೇಕು. ಕಾಲೇಜಿನ ಪ್ರದರ್ಶನಕ್ಕೆ ಒಂದು ಒಳ್ಳೇ ಕ್ಯಾಮೆರಾ ಬೇಕು, ಅಪ್ಪನ್ನ ಕೇಳಿದ್ರೆ ತನ್ನದನ್ನ ಮುಟ್ಟೋಕೆ ಬಿಡಲ್ಲ, ಅಮ್ಮ ಕಾನೂನು ಹೇಳ್ತಾಳೆ ಅಂತ ಹುಡುಗಿ ಗೋಗರೆದಳಂತೆ. ಮೊಮ್ಮಗಳ ಥರ ಅಂತ ಕರಗಿಹೋದರು. ತಾವೇ ಮಾಡಿದ ಕಟ್ಟುನಿಟ್ಟನ್ನು ತಾವೇ ಮುರಿದು, ಗುಟ್ಟಾಗಿ ಕೊಟ್ಟು ಕಳಿಸಿದರು. ಮಾರನೇ ದಿನ ಊರೆಲ್ಲ ಸಾವಿನ ಸುದ್ದಿಯಲ್ಲಿದ್ದಾಗ ಅವಳು ಬಂದು ಚೀಲದಿಂದ ಕ್ಯಾಮೆರಾ ತೆಗೆದು ಈ ಮೇಜಿನ ಮೇಲಿಟ್ಟಳು. ಕಣ್ಣಿನ ಮೇಲೆ ಕನ್ನಡಕವಿರಲಿಲ್ಲ. ಮೇಜಿನ ಅಂಚನ್ನು ತಡವಿಕೊಂಡು ಇಟ್ಟಳು.

“ಏನಂದ್ಲು?”

“ಯಾರಿಗೂ ಹೇಳಬೇಡಿ ತಾತಾ ಅಂದ್ಲು. ಅಷ್ಟೇ. ಅಪ್ಪ ಹೋದ ದುಃಖ, ಕ್ಯಾಮೆರಾ ತಗೊಂಡಿದ್ದಕ್ಕೆ ಬೈತಾರೆ ಅನ್ನೋ ಭಯ ಅಂತ ನಾನು ಅಂದ್ಕೊಂಡೆ. ಇವತ್ತಿನ ತನಕ ಹಾಗೇ ಅಂದ್ಕೊಂಡಿದ್ದೆ ಕಣಮ್ಮ, ದೇವರಾಣೆ. ಈ ಚಿತ್ರ ನೋಡಿದ ಮೇಲೆ...”

ಅವರು ಚಿತ್ರವನ್ನು ಅವಳ ಕಡೆ ಸರಿಸಿದರು.

ಅವಳು ಕ್ಯಾಮೆರಾ ಮೇಜಿನ ಮೇಲಿಟ್ಟು ತಮ್ಮನ ಚಿತ್ರವನ್ನು ಎತ್ತಿಕೊಂಡಳು. ಎಲ್ಲರೂ ತಳ್ಳುವ ಕೈ ಅಂದಿದ್ದ ಕೈ. ತಳ್ಳೋಕೆ ಹೋಗುವವನ ತೋಳು ಮಡಚಿರುತ್ತೆ, ಮೈ ಮುಂದಕ್ಕೆ ಬಾಗಿರುತ್ತೆ. ಇವನು ಹಿಂದಕ್ಕೆ ವಾಲಿದ್ದ. ಅಂಗೈ ಪೂರ್ತಿ ತೆರೆದಿತ್ತು, ಬೆರಳುಗಳು ನೆಟ್ಟಗೆ ಮೇಲಕ್ಕಿದ್ದವು. ಪುಟ್ಟಿ ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಅವನು ಹೀಗೇ ಕೈ ಅಡ್ಡ ಹಿಡಿಯುತ್ತಿದ್ದ. ನಿಂತ್ಕೋ, ಬರಬೇಡ.

ಅದಕ್ಕೇ ಅವನು ಬಾಯಿ ಬಿಡುತ್ತಿಲ್ಲ. ಹೊಡೆದರೂ ಬಿಡೋದಿಲ್ಲ. ಅಕ್ಕನ ‘ಹೌದು’ ಅವನ ಮೇಲೆ ಬಿದ್ದಾಗಲೂ ಬಿಡಲಿಲ್ಲ.

ಇಷ್ಟು ದಿನದ ಜೋಮು ಬಿಡೋಕೆ ಶುರುವಾಗಿತ್ತು. ಬಿಡುವಾಗಲೇ ನೋವು ಜಾಸ್ತಿ. ಎದೆಯಿಂದ ಗಂಟಲವರೆಗೂ ಸೂಜಿ ಚುಚ್ಚಿದಂತಾಗಿ ಅವಳು ಕುರ್ಚಿ ಹಿಡಿದು ಕೂತಳು. ತಮ್ಮ ಉಳಿಯಬೇಕಾದರೆ ಒಂದು ಹೆಸರು ಕೊಡಬೇಕು. ಕೊಡಬೇಕಾದ ಹೆಸರು ಮನೆಯಲ್ಲಿ ಸಡಿಲವಾದ ಕನ್ನಡಕ ಹಾಕಿಕೊಂಡು ಅಮ್ಮ ಊಟಕ್ಕೆ ಬರ್ತಾಳಾ ಅಂತ ಕಾಯ್ತಾ ಇದೆ.

“ಅವಳ ಮುಂದೇನೇ ಎಲ್ಲಾ ಆಗಿದೆ ಸರ್. ಅವರು ಹೇಗೆ ಬಿದ್ರು ಅಂತ ಅವಳು ನೋಡಿದಾಳೆ.”

ಸಂಪಾದಕರು ಅವಳ ಮುಖ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು.

“ನೋಡಿದಾಳೆ ಅಷ್ಟೇ ಆಗಿದ್ರೆ, ನಿನ್ನ ತಮ್ಮ ಯಾಕಮ್ಮ ಜೈಲಲ್ಲಿ ಸುಮ್ನೆ ಕೂರ್ತಿದ್ದ?”

ಅವಳು ಬೇಡ ಅಂತ ತಲೆಯಾಡಿಸಿದಳು. ಯಾವುದಕ್ಕೆ ಬೇಡ ಅಂತ ಅವಳಿಗೂ ತಿಳಿದಿರಲಿಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಇನ್ಸ್‌ಪೆಕ್ಟರು ಬಾಗಿಲು ತಟ್ಟದೆ ಒಳಗೆ ಬಂದರು. ಹಣೆಯ ಬೆವರು ಒರೆಸಿಕೊಂಡು, ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಹಿಡಿದು ಚೀಲಕ್ಕೆ ಹಾಕಿದರು. ಚಿತ್ರಗಳನ್ನು ಬೆಳಕಿಗೆ ಹಿಡಿದು ಎಳೆಯಿಂದ ಎಳೆಗೆ ಕಣ್ಣಾಡಿಸಿದರು. ಒಪ್ಪಿದವರ ಹಾಗೆ ತಲೆದೂಗಿದರು. ಇಬ್ಬರೂ ಕೂತಿರೋ ರೀತಿ ನೋಡಿ ಹುಬ್ಬೇರಿಸಿದರು.

ಸರಿ ಮೇಡಂ, ನಿಮ್ಮ ತಮ್ಮನ ವಿಷಯ ಬೇರೆ ಥರ ಯೋಚನೆ ಮಾಡಬೇಕಾಗುತ್ತೆ ಅಂದರು. ಆ ಹೆಸರು ಹೇಳಿಬಿಡಿ, ಕೆಳಗೆ ಜೀಪು ನಿಂತಿದೆ.

ಅವಳು ಬಾಯಿ ತೆರೆಯುವ ಮೊದಲೇ ಸಂಪಾದಕರು ಎದ್ದು ನಿಂತರು. ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು. ಆ ಗೊಂಚಲು ಬಿಚ್ಚಿದ್ದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ.

“ಕ್ಯಾಮೆರಾ ಅವತ್ತು ನನ್ನ ಹತ್ರ ಇತ್ತು. ತಾರಸಿ ಮೇಲೆ ಇದ್ದದ್ದು ನಾನು.”

ಇನ್ಸ್‌ಪೆಕ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಅವರ ಬಿಳಿ ತಲೆ, ಎದೆಯ ಮೇಲೆ ನೇತಾಡುವ ಓದುವ ಕನ್ನಡಕ. ನಂಬಬೇಕೋ ಬಿಡಬೇಕೋ ತೋಚದವರ ಹಾಗೆ ಅವಳ ಕಡೆ ತಿರುಗಿದರು. ಅವತ್ತು ಮನೆಯಲ್ಲಿ ಚಿತ್ರ ತೋರಿಸಿ ಕೇಳಿದ್ದರಲ್ಲ, ಅದೇ ದನಿಯಲ್ಲಿ, ಅಷ್ಟೇ ಸಾವಧಾನವಾಗಿ ಕೇಳಿದರು.

“ಹೌದಾ ಮೇಡಂ?”

ಮೇಜಿನ ಮೇಲೆ ಅವಳ ಫೋನು ಅದುರತೊಡಗಿತು. ಪರದೆಯ ಮೇಲೆ ‘ಪುಟ್ಟಿ’ ಅಂತಿತ್ತು. ಮೂವರೂ ಅದನ್ನು ನೋಡಿದರು.